ಎಷ್ಟು ಮೆಗಾಟನ್? ಸ್ಟಾರ್ ಟ್ರೆಕ್ ಅಸ್ತ್ರಗಳ ಲೆಕ್ಕಾಚಾರ

ಸ್ಟಾರ್ ಟ್ರೆಕ್ ನೋಡಿ ಬೆಳೆದ ಇಬ್ಬರು ಇಂಜಿನಿಯರುಗಳು ಒಂದೇ ಮೇಜಿಗೆ ಕೂತರೆ ಮಾತು ಹೆಚ್ಚು ಹೊತ್ತು ಕಥೆಯ ಮೇಲೆ ನಿಲ್ಲುವುದಿಲ್ಲ. ಐದು ನಿಮಿಷದೊಳಗೆ ಅದು ಅಸ್ತ್ರಗಳಿಗೆ ಬಂದಿರುತ್ತದೆ. ಕರ್ಕ್‌ನ ಎಂಟರ್‌ಪ್ರೈಸ್ ಹೆಚ್ಚೋ, ಪಿಕಾರ್ಡ್‌ನ ಎಂಟರ್‌ಪ್ರೈಸ್ ಹೆಚ್ಚೋ? ಕ್ಲಿಂಗಾನರ ಡಿಸ್ರಪ್ಟರ್ ಮುಂದೆ ಫೇಸರ್ ಎಷ್ಟು ಹೊತ್ತು ತಡೆದೀತು? ಒಂದು ಫೋಟಾನ್ ಟಾರ್ಪೀಡೊ ಎಷ್ಟು ಹೈಡ್ರೋಜನ್ ಬಾಂಬಿಗೆ ಸಮ? ಈ ಚರ್ಚೆಯಲ್ಲಿ ನಾನು ಹಿಂದೆ ಬಿದ್ದವನಲ್ಲ. ಎಂ.ಟೆಕ್‌ನಲ್ಲಿ ಥರ್ಮಲ್ ಇಂಜಿನಿಯರಿಂಗ್ ಓದಿ, ಆಮೇಲೆ ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರ ಎಕ್ಸೆಲ್ ಹಾಳೆಗಳ ನಡುವೆ ತಲೆಗೂದಲು ಬೆಳ್ಳಗಾದವನಿಗೆ ಇಂಥ ಲೆಕ್ಕ ಸಿಕ್ಕರೆ ಬಿಡುವುದುಂಟೆ? ಇಲ್ಲಿಯೂ ಮೊದಲು ಲೆಕ್ಕವನ್ನೇ ಮಾಡುತ್ತೇನೆ. ಆ ಲೆಕ್ಕ ಕೂಡಿಬರುವುದಿಲ್ಲ. ಯಾಕೆ ಕೂಡಿಬರುವುದಿಲ್ಲ ಎಂದು ಹುಡುಕುತ್ತ ಹೋದರೆ ಸರಣಿಯ ಒಳ್ಳೆಯ ಕಂತುಗಳು ಏನು ಹೇಳುತ್ತಿವೆ ಎಂಬುದು ಕಾಣುತ್ತದೆ. ಈ ಲೇಖನ ಇರುವುದು ಅದಕ್ಕಾಗಿ.

ಸರಣಿ ನೋಡದವರಿಗೆ ಎರಡು ಮಾತು. ಜೀನ್ ರಾಡೆನ್‌ಬೆರಿ ಕಲ್ಪಿಸಿದ ಸ್ಟಾರ್ ಟ್ರೆಕ್ 1966ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾಯಿತು. ಮೂರು ವರ್ಷ ನಡೆದು ನಿಂತಿತು. 1987ರಲ್ಲಿ 'ದಿ ನೆಕ್ಸ್ಟ್ ಜನರೇಶನ್' ಎಂಬ ಹೆಸರಿನಲ್ಲಿ ಮತ್ತೆ ಹುಟ್ಟಿ, ಆಮೇಲೆ 'ಡೀಪ್ ಸ್ಪೇಸ್ ನೈನ್', 'ವಾಯೇಜರ್' ಎಂದು ಕವಲೊಡೆಯಿತು. ಅದರ ಹಡಗುಗಳು ಹೊರಟಿರುವುದು ಅನ್ವೇಷಣೆಗೆ, ಆದರೆ ಮೈತುಂಬ ಆಯುಧ. ಮುಖ್ಯವಾದವು ಎರಡು: ಕಿರಣದಂತೆ ಹರಿಯುವ ಫೇಸರ್ ಮತ್ತು ದೂರದಿಂದ ಎಸೆಯುವ ಫೋಟಾನ್ ಟಾರ್ಪೀಡೊ. ಇವನ್ನು ತಡೆಯಲು ಹಡಗಿನ ಸುತ್ತ ಕಣ್ಣಿಗೆ ಕಾಣದ ಕವಚ, ಅದಕ್ಕೆ ಶೀಲ್ಡ್ ಎಂದು ಹೆಸರು. ಮೊದಲ ಪೈಲಟ್ ಕಂತಿನಲ್ಲಿ ಆಯುಧದ ಹೆಸರು ಲೇಸರ್ ಎಂದೇ ಇತ್ತು. ನಿಜವಾದ ಲೇಸರ್ ಆಗಷ್ಟೇ ಪ್ರಯೋಗಾಲಯಗಳಿಂದ ಹೊರಗೆ ಬರುತ್ತಿದ್ದ ಕಾಲ. ನಾಳೆ ಜನ 'ಲೇಸರಿನಿಂದ ಇದೆಲ್ಲ ಆಗುವುದಿಲ್ಲ' ಎಂದು ನಗಬಾರದೆಂದು ಫೇಸರ್ ಎಂಬ ಹೊಸ ಹೆಸರು ಕಟ್ಟಿದರು. ಅಂದರೆ ಭೌತಶಾಸ್ತ್ರದ ಕೈಗೆ ಸಿಗದಿರಲಿ ಎಂಬ ಎಚ್ಚರ ಈ ಆಯುಧದ ಹುಟ್ಟಿನಲ್ಲೇ ಇದೆ.

ಕೂಡಿಬರದ ಲೆಕ್ಕ

1991ರಲ್ಲಿ ಸರಣಿಯ ಕಲಾವಿಭಾಗದವರೇ ಆದ ರಿಕ್ ಸ್ಟರ್ನ್‌ಬಾಕ್ ಮತ್ತು ಮೈಕೆಲ್ ಒಕುಡಾ ಪಿಕಾರ್ಡ್‌ನ ಎಂಟರ್‌ಪ್ರೈಸ್ ಬಗ್ಗೆ ಒಂದು ತಾಂತ್ರಿಕ ಕೈಪಿಡಿ ಬರೆದರು. ಅದರ ಪ್ರಕಾರ ಒಂದು ಫೋಟಾನ್ ಟಾರ್ಪೀಡೊದೊಳಗೆ ಹೆಚ್ಚೆಂದರೆ 1.5 ಕಿಲೋ ಪ್ರತಿದ್ರವ್ಯ ಇರುತ್ತದೆ. ಅದು ಅಷ್ಟೇ ತೂಕದ ದ್ರವ್ಯದ ಜೊತೆ ಸೇರಿ ಪೂರ್ತಿ ಶಕ್ತಿಯಾಗುತ್ತದೆ. ಐನ್‌ಸ್ಟೈನ್‌ನ ಸೂತ್ರಕ್ಕೆ 3 ಕಿಲೋ ಹಾಕಿದರೆ ಸುಮಾರು 64 ಮೆಗಾಟನ್ ಟಿಎನ್‌ಟಿ ಬರುತ್ತದೆ. ಮನುಷ್ಯ ಇಲ್ಲಿಯವರೆಗೆ ಸಿಡಿಸಿದ ಅತಿ ದೊಡ್ಡ ಬಾಂಬ್, 1961ರ ಸೋವಿಯತ್ 'ತ್ಸಾರ್ ಬಾಂಬ್', ಸುಮಾರು 50 ಮೆಗಾಟನ್. ಹಿರೋಶಿಮಾದ್ದು ಸುಮಾರು 15 ಕಿಲೋಟನ್. ಅಂದರೆ ಒಂದು ಟಾರ್ಪೀಡೊ ನಾಲ್ಕು ಸಾವಿರಕ್ಕೂ ಹೆಚ್ಚು ಹಿರೋಶಿಮಾ. ಇದು ಶೀಲ್ಡಿಗೆ ಬಡಿದಾಗ ಪರದೆಯ ಮೇಲೆ ಆಗುವುದೇನು? ನಟರೆಲ್ಲ ಕುರ್ಚಿಯಲ್ಲಿ ಎಡಕ್ಕೆ ವಾಲುತ್ತಾರೆ, ಆಮೇಲೆ ಬಲಕ್ಕೆ. ಒಂದು ಕನ್ಸೋಲಿನಿಂದ ದೀಪಾವಳಿಯ ಹೂಕುಂಡದಂತೆ ಕಿಡಿ ಹಾರುತ್ತದೆ. ಯಾರೋ ಒಬ್ಬರು ಶೀಲ್ಡ್ ಶೇಕಡ 70ಕ್ಕೆ ಇಳಿಯಿತು ಎನ್ನುತ್ತಾರೆ.

ಆಯಿತು, ಶೀಲ್ಡ್ ಅಷ್ಟು ಗಟ್ಟಿ ಎಂದುಕೊಳ್ಳೋಣ. ಆದರೆ 1989ರ 'ದಿ ಸರ್ವೈವರ್ಸ್' ಕಂತಿನಲ್ಲಿ ಇದೇ ಎಂಟರ್‌ಪ್ರೈಸಿನ ಶೀಲ್ಡನ್ನು ಒಂದು ಯುದ್ಧನೌಕೆ ಹೊಡೆದು ಹಾಕುತ್ತದೆ. ಬಂದ ಹೊಡೆತ 400 ಗಿಗಾವ್ಯಾಟ್ ಎಂದು ವೋರ್ಫ್ ವರದಿ ಕೊಡುತ್ತಾನೆ. ಕೇಳಲು ಭಾರಿ. ಆದರೆ ಭಾರತದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯವೇ ಈಗ 400 ಗಿಗಾವ್ಯಾಟ್ ದಾಟಿದೆ. ಆ ಹೊಡೆತ ಒಂದು ಸೆಕೆಂಡ್ ಇತ್ತು ಎಂದರೂ ಅದು ನೂರು ಟನ್ ಟಿಎನ್‌ಟಿಗಿಂತ ಸ್ವಲ್ಪ ಕಡಿಮೆಯೇ. ಟನ್, ಮೆಗಾಟನ್ ಅಲ್ಲ. 64 ಮೆಗಾಟನ್ನಿನ ಟಾರ್ಪೀಡೊ ತಡೆದುಕೊಳ್ಳುವ ಕವಚ ನೂರು ಟನ್ನಿಗೆ ಕುಸಿಯಿತು!

ಮುಂದೆ ಹೋಗೋಣ. 1992ರ 'ಟ್ರೂ ಕ್ಯೂ' ಕಂತಿನಲ್ಲಿ ಒಬ್ಬ ಹುಡುಗಿ ಎಂಜಿನ್ ನೋಡಿ, ಇಷ್ಟೊಂದು ಶಕ್ತಿಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ ಎನ್ನುತ್ತಾಳೆ. ಆಂಡ್ರಾಯ್ಡ್ ಆದ ಡೇಟಾ, ಕಲ್ಪಿಸುವ ಅಗತ್ಯವಿಲ್ಲ, ಅಳೆಯಬಹುದು ಎಂದು ಹೇಳಿ 1,275 ಕೋಟಿ ಗಿಗಾವ್ಯಾಟ್ ಎಂಬ ಅಂಕಿ ಕೊಡುತ್ತಾನೆ. ಆ ಅಂಕಿ ಪ್ರತಿ ಏನಕ್ಕೆ ಎಂದು ಹೇಳುವಷ್ಟರಲ್ಲಿ ಅಲಾರಂ ಹೊಡೆದು ಮಾತು ತುಂಡಾಗುತ್ತದೆ. ವ್ಯಾಟ್ ಎಂದಮೇಲೆ 'ಪ್ರತಿ' ಎಂಬ ಮಾತೇ ಬೇಕಿಲ್ಲ ಎಂದು ಪಿಯುಸಿ ಓದಿದವರಿಗೂ ಗೊತ್ತು, ಅದಿರಲಿ. ಈ ಎಂಜಿನ್ ಉತ್ಪಾದಿಸುವುದು ಆ ಶೀಲ್ಡ್ ಒಡೆದ ಹೊಡೆತದ ಮೂರು ಕೋಟಿಗೂ ಹೆಚ್ಚು ಪಟ್ಟು.

ಕೊನೆಯದು, ಅಭಿಮಾನಿಗಳಿಗೆ ಅತಿಪ್ರಿಯವಾದದ್ದು. 1995ರ 'ದಿ ಡೈ ಈಸ್ ಕಾಸ್ಟ್', ಡೀಪ್ ಸ್ಪೇಸ್ ನೈನ್ ಸರಣಿಯ ಕಂತು. ರಾಮ್ಯುಲನ್ ಮತ್ತು ಕಾರ್ಡೇಷಿಯನ್ನರ 20 ಹಡಗುಗಳು ಶತ್ರುವಿನ ಮೂಲಗ್ರಹದ ಮೇಲೆ ದಾಳಿ ಮಾಡುತ್ತವೆ. ಮೊದಲ ಸುತ್ತಿಗೇ ಗ್ರಹದ ಹೊರಪದರದ ಶೇಕಡ 30 ನಾಶ ಎಂಬ ವರದಿ ಬರುತ್ತದೆ. ಅದು ಭೂಮಿಯಂಥ ಗ್ರಹ ಎಂದಿಟ್ಟುಕೊಂಡು, ನಾಶ ಎಂದರೆ ಬರೀ ಬಂಡೆ ಕರಗುವುದು ಎಂದು ಉದಾರವಾಗಿ ಅರ್ಥ ಮಾಡಿಕೊಂಡು, ಕಿಲೋ ಒಂದಕ್ಕೆ 20 ಲಕ್ಷ ಜೂಲ್ ಹಾಕಿ ಗುಣಿಸಿದೆ. ಪ್ರತಿ ಹಡಗೂ ಆ ಒಂದು ಸುತ್ತಿನಲ್ಲಿ ಹಾರಿಸಿರಬೇಕಾದದ್ದು 300 ಕೋಟಿಯ ಆಸುಪಾಸಿನಷ್ಟು ಟಾರ್ಪೀಡೊ.

ನಮ್ಮ ಕಸುಬಿನವರಿಗೆ ಇದು ಹೊಸದೇನಲ್ಲ. ಒಂದು ತಂಡದ ಐದು ಸ್ಟೋರಿ ಪಾಯಿಂಟನ್ನು ಇನ್ನೊಂದು ತಂಡದ ಐದು ಸ್ಟೋರಿ ಪಾಯಿಂಟಿನ ಜೊತೆ ಹೋಲಿಸಬಾರದು ಎಂದು ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುತ್ತೇವೆ. ಆ ಅಂಕಿ ಆ ತಂಡದೊಳಗೆ ಮಾತ್ರ ಸತ್ಯ. ಸ್ಟಾರ್ ಟ್ರೆಕ್‌ನ ಮೆಗಾಟನ್ನುಗಳೂ ಹಾಗೆಯೇ, ಅಕ್ಷರಶಃ ಸ್ಟೋರಿ ಪಾಯಿಂಟುಗಳು. ವಾರಕ್ಕೊಬ್ಬ ಲೇಖಕ, ವಾರಕ್ಕೊಂದು ಗಡುವು, ಬಜೆಟ್ಟಿಗೆ ತಕ್ಕ ಕಿಡಿ. ಎಲ್ಲವನ್ನೂ ಒಂದೇ ಕೋಷ್ಟಕಕ್ಕೆ ತಂದು ಮೊತ್ತ ಹಾಕುವವರ ಶ್ರದ್ಧೆಯನ್ನು ನಾನು ಮೆಚ್ಚುತ್ತೇನೆ. ಆದರೆ ಮೊತ್ತ ಹಾಕುವ ಭರದಲ್ಲಿ, ಆ ಅಂಕಿ ಬಂದದ್ದು ಕಥೆಯ ಯಾವ ಗಳಿಗೆಯಲ್ಲಿ ಎಂಬ ಪ್ರಶ್ನೆ ಬಿಟ್ಟುಹೋಗುತ್ತದೆ.

ಅಂಕಿ ಬರುವ ಗಳಿಗೆ

ದಿ ಸರ್ವೈವರ್ಸ್ ಕಂತಿಗೆ ಮರಳೋಣ. 11,000 ಜನರಿದ್ದ ಒಂದು ಗ್ರಹ ಸುಟ್ಟು ಬೂದಿಯಾಗಿದೆ. ನಡುವೆ ಒಂದೇ ಒಂದು ಮನೆ, ಸುತ್ತ ಹಸಿರು ತೋಟ, ಒಳಗೆ ಕೆವಿನ್ ಮತ್ತು ರಿಶಾನ್ ಎಂಬ ವೃದ್ಧ ದಂಪತಿ. ಅವರು ಹೇಗೆ ಉಳಿದರು ಎಂಬುದೇ ಒಗಟು. ಕೊನೆಗೆ ಗೊತ್ತಾಗುತ್ತದೆ, ಕೆವಿನ್ ಮನುಷ್ಯನೇ ಅಲ್ಲ, ಅಪಾರ ಶಕ್ತಿಯ ಒಂದು ಜೀವ. ಮನುಷ್ಯ ಹೆಣ್ಣೊಬ್ಬಳನ್ನು ಪ್ರೀತಿಸಿ, ಕೊಲ್ಲುವುದಿಲ್ಲ ಎಂಬ ವ್ರತ ಹಿಡಿದು ಬದುಕಿದ್ದವನು. ಹಸ್ನಾಕ್ ಎಂಬ ಕ್ರೂರ ಜನಾಂಗ ದಾಳಿ ಮಾಡಿದಾಗಲೂ ಅವನು ಕೈಯೆತ್ತಲಿಲ್ಲ. ಹೆಂಡತಿ ಹೋರಾಡಲು ಹೋಗಿ ಸತ್ತಳು. ಅವಳ ಹೆಣ ನೋಡಿದ ಒಂದು ಕ್ಷಣದ ಸಿಟ್ಟಿನಲ್ಲಿ ಅವನು ಹಸ್ನಾಕರನ್ನು ಅಳಿಸಿಬಿಟ್ಟ. ದಾಳಿಗೆ ಬಂದವರನ್ನಷ್ಟೇ ಅಲ್ಲ, ಬ್ರಹ್ಮಾಂಡದಲ್ಲಿ ಎಲ್ಲೆಲ್ಲಿ ಇದ್ದರೋ ಅಷ್ಟೂ ಜನರನ್ನು. 5,000 ಕೋಟಿ ಜೀವ. ಈಗ ಮನೆಯಲ್ಲಿರುವ ಹೆಂಡತಿ ಅವನೇ ಮಾಡಿಕೊಂಡ ಪ್ರತಿರೂಪ. ಎಂಟರ್‌ಪ್ರೈಸನ್ನು ಹೊಡೆದ ಆ ಯುದ್ಧನೌಕೆಯೂ ಅವನದೇ ಮಾಯೆ, ತನ್ನನ್ನು ತನ್ನ ಪಾಡಿಗೆ ಬಿಟ್ಟು ಇವರು ಹೊರಟುಹೋಗಲಿ ಎಂದು ಎಬ್ಬಿಸಿದ್ದು.

ಅಂದರೆ ಅಭಿಮಾನಿಗಳು ಕೋಷ್ಟಕಕ್ಕೆ ಹಾಕಿಕೊಂಡ 400 ಗಿಗಾವ್ಯಾಟ್ ಕಥೆಯೊಳಗೇ ಒಂದು ಸುಳ್ಳು ಹಡಗಿನದು. ನಿಜವಾದ ಸಂಹಾರಕ್ಕೆ ವ್ಯಾಟೂ ಇಲ್ಲ, ಜೂಲೂ ಇಲ್ಲ. ಅದಕ್ಕೆ ಬಳಸಿದ ಆಯುಧ ಒಬ್ಬ ಗಂಡಸಿನ ದುಃಖ. ಅದನ್ನು ಕೇಳಿದ ಪಿಕಾರ್ಡ್, ನಿನ್ನ ಅಪರಾಧಕ್ಕೆ ತಕ್ಕ ಕಾನೂನು ನಮ್ಮಲ್ಲಿಲ್ಲ ಎಂದು ಅವನನ್ನು ಅಲ್ಲಿಯೇ ಬಿಟ್ಟು ಹೊರಡುತ್ತಾನೆ. ಸ್ಟಾರ್ ಟ್ರೆಕ್‌ನ ಅತಿ ದೊಡ್ಡ ಅಸ್ತ್ರ ಯಾವುದು ಎಂಬ ಪಟ್ಟಿಗಳಲ್ಲಿ ಕೆವಿನ್ ಕಾಣಿಸಿಕೊಳ್ಳುವುದು ಅಪರೂಪ. ಅವನನ್ನು ಯಾವ ಕಾಲಮ್ಮಿಗೆ ಹಾಕುವುದು?

ದಿ ಡೈ ಈಸ್ ಕಾಸ್ಟ್ ಕಂತಿನಲ್ಲೂ ಹಾಗೆಯೇ. ಶೇಕಡ 30 ಹೊರಪದರ ನಾಶ ಎಂದ ಉಸಿರಿನಲ್ಲೇ ಇನ್ನೊಂದು ವರದಿಯೂ ಬರುತ್ತದೆ: ಗ್ರಹದ ಮೇಲಿನ ಜೀವಸಂಕೇತಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ನೆಲದ ಮೂರನೇ ಒಂದು ಭಾಗ ಹೋದರೂ ಯಾರೂ ಸಾಯುತ್ತಿಲ್ಲ. ಯಾಕೆಂದರೆ ಅಲ್ಲಿ ಯಾರೂ ಇಲ್ಲ. ಒಂದು ಯಂತ್ರ ಸುಳ್ಳು ಸಂಕೇತ ಕಳಿಸುತ್ತಿದೆ, ಅಷ್ಟೇ. ಅಷ್ಟರಲ್ಲಿ ಮರೆಯಲ್ಲಿದ್ದ 150 ಶತ್ರು ಹಡಗುಗಳು ಸುತ್ತುವರಿಯುತ್ತವೆ. ದಂಡಯಾತ್ರೆಯ ನಾಯಕರಲ್ಲಿ ಒಬ್ಬನಾಗಿ ಪಕ್ಕದಲ್ಲೇ ನಿಂತಿದ್ದ ರಾಮ್ಯುಲನ್ ಕರ್ನಲ್ ಲೊವೋಕ್, ರೂಪ ಬದಲಿಸಿಕೊಂಡು ಬಂದ ಶತ್ರುವೇ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತೇವಲ್ಲ, ಇವರಿಗೆ ಗ್ರಹ ಅಗೆದರೂ ಇಲಿ ಸಿಗಲಿಲ್ಲ. ಸ್ಟಾರ್ ಟ್ರೆಕ್‌ನ ಅಸ್ತ್ರಬಲದ ದಾಖಲೆ ಎಂದು ಜನ ಎತ್ತಿ ಹಿಡಿಯುವ ಆ ಅಂಕಿ, ಕಥೆಯಲ್ಲಿ ಇರುವುದು ಮೂರ್ಖತನದ ಅಳತೆಯಾಗಿ.

ಇನ್ನೂ ಹಿಂದಕ್ಕೆ, 1967ರ 'ದಿ ಡೂಮ್ಸ್‌ಡೇ ಮಷೀನ್' ನೋಡಿ. ಬೇರೆ ನಕ್ಷತ್ರಪುಂಜದಿಂದ ಬಂದ, ಯಾರು ಯಾರ ಮೇಲೆ ಬಿಟ್ಟರೆಂದು ಗೊತ್ತಿಲ್ಲದ ಒಂದು ಯಂತ್ರ ಗ್ರಹಗಳನ್ನು ಪುಡಿಮಾಡಿ ನುಂಗುತ್ತ ಸಾಗುತ್ತಿದೆ. ಮಾಡಿದವರು ಸತ್ತು ಎಷ್ಟೋ ಕಾಲವಾಗಿದೆ, ಆಯುಧಕ್ಕೆ ಮಾತ್ರ ನಿಲ್ಲುವುದು ಗೊತ್ತಿಲ್ಲ. ಇಲ್ಲಿ ಕೊಡುವ ಅಂಕಿ ದಶಮಾಂಶದ ಮೂರು ಸ್ಥಾನದವರೆಗೆ ಖಚಿತ: 97.835 ಮೆಗಾಟನ್. ಆದರೆ ಅದು ಯಾವ ಫೇಸರಿನದೂ ಅಲ್ಲ, ಟಾರ್ಪೀಡೊದ್ದೂ ಅಲ್ಲ. ಆಯುಧಗಳೆಲ್ಲ ಸೋತ ಮೇಲೆ, ಸತ್ತು ಬಿದ್ದ ಕಾನ್ಸ್ಟೆಲೇಶನ್ ಎಂಬ ಹಡಗಿನ ಎಂಜಿನನ್ನೇ ಕರ್ಕ್ ಆ ಯಂತ್ರದ ಬಾಯೊಳಗೆ ಸಿಡಿಸುತ್ತಾನೆ. ಆ ಉಪಾಯ ಹೊಳೆದದ್ದು ಕಮೋಡೋರ್ ಡೆಕ್ಕರ್‌ನ ಸಾವಿನಿಂದ. ತನ್ನ 400 ಜನ ಸಿಬ್ಬಂದಿಯನ್ನು ರಕ್ಷಿಸಲೆಂದು ಒಂದು ಗ್ರಹದ ಮೇಲೆ ಇಳಿಸಿ, ಆ ಗ್ರಹವನ್ನೇ ಯಂತ್ರ ನುಂಗುವುದನ್ನು ನೋಡಿದವನು ಡೆಕ್ಕರ್. ಕೊನೆಗೆ ಒಬ್ಬನೇ ಪುಟ್ಟ ನೌಕೆಯಲ್ಲಿ ಅದರ ಬಾಯಿಗೆ ನುಗ್ಗಿ ಸಾಯುತ್ತಾನೆ. ಯಂತ್ರದ ಶಕ್ತಿ ತುಸು ಇಳಿದದ್ದು ಆಗ ಕಾಣಿಸುತ್ತದೆ. ಶೀತಲಸಮರದ ನಡುವೆ ಅಮೆರಿಕದ ಮನೆಗಳಿಗೆ ಹೋದ ಈ ಕಂತಿನಲ್ಲಿ ಕರ್ಕ್, ತನ್ನ ಪೂರ್ವಜರ ಹೈಡ್ರೋಜನ್ ಬಾಂಬನ್ನು ಹೆಸರಿಟ್ಟೇ ನೆನೆಯುತ್ತಾನೆ.

ಆಯುಧದ ಹಿಂದಿನ ಕೋಣೆ

ಅಸ್ತ್ರಗಳ ಹೋಲಿಕೆಗೆ ನಿಜಕ್ಕೂ ಒಳ್ಳೆಯ ಕಂತು ಬೇಕೆಂದರೆ ನಾನು 1966ರ 'ಬ್ಯಾಲೆನ್ಸ್ ಆಫ್ ಟೆರರ್' ಸೂಚಿಸುತ್ತೇನೆ. ಎರಡನೇ ಮಹಾಯುದ್ಧದ ಜಲಾಂತರ್ಗಾಮಿ ಕಥೆಯ 'ದಿ ಎನಿಮಿ ಬಿಲೋ' ಎಂಬ 1957ರ ಚಿತ್ರದ ಎರಕದಲ್ಲಿ ಹೊಯ್ದದ್ದು ಇದು. ಎರಡು ಹಡಗುಗಳು. ರಾಮ್ಯುಲನ್ ಹಡಗಿಗೆ ಮರೆಯಾಗುವ ಶಕ್ತಿ ಇದೆ, ಬಂಡೆಯೊಳಗೆ ಒಂದು ಮೈಲಿ ಆಳದಲ್ಲಿ ಕಟ್ಟಿದ ಠಾಣೆಯನ್ನೂ ಪುಡಿಮಾಡುವ ಪ್ಲಾಸ್ಮಾ ಅಸ್ತ್ರ ಇದೆ. ಆದರೆ ಹೊಡೆಯಬೇಕೆಂದರೆ ಅದು ಕಾಣಿಸಿಕೊಳ್ಳಲೇಬೇಕು. ಆ ಅಸ್ತ್ರವೂ ದೂರ ಹೋದಂತೆ ಸೊರಗುತ್ತದೆ. ಎಂಟರ್‌ಪ್ರೈಸ್ ಬದುಕುವುದು ಹಿಂದಕ್ಕೆ ಓಡಿ, ಆ ಬೆಂಕಿಯುಂಡೆ ತನ್ನನ್ನು ಮುಟ್ಟುವ ಹೊತ್ತಿಗೆ ಅದರ ಕಾವು ಇಳಿದಿರುವಂತೆ ನೋಡಿಕೊಂಡು. ಇಲ್ಲಿ ಒಂದು ಅಂಕಿಯನ್ನೂ ಮೆಗಾಟನ್ನಿನಲ್ಲಿ ಹೇಳುವುದಿಲ್ಲ. ಆದರೂ ಎರಡು ಅಸ್ತ್ರಗಳ ಹೋಲಿಕೆ ಪ್ರತಿ ನಿಮಿಷವೂ ಸ್ಪಷ್ಟ: ಯಾವುದು ಎಷ್ಟು ದೂರ, ಯಾವುದಕ್ಕೆ ಎಷ್ಟು ಇಂಧನ, ಯಾವುದಕ್ಕೆ ಯಾವ ದೌರ್ಬಲ್ಯ.

ಅದಕ್ಕಿಂತ ಮುಖ್ಯವಾದದ್ದು ಫೇಸರ್ ಕೋಣೆ. ಮುಂದಿನ ಕಂತುಗಳಲ್ಲಿ ಫೇಸರ್ ಎಂದರೆ ಒಂದು ಗುಂಡಿ. ಇಲ್ಲಿ ಮಾತ್ರ ಕ್ಯಾಪ್ಟನ್ 'ಹಾರಿಸಿ' ಎಂದರೆ ಆ ಆಜ್ಞೆ ಕೆಳಗಿನ ಒಂದು ಕೋಣೆಗೆ ಹೋಗಬೇಕು, ಅಲ್ಲಿರುವ ಮನುಷ್ಯರು ಅದನ್ನು ಕೇಳಿ ಹಾರಿಸಬೇಕು. ಆ ಕೋಣೆಯ ಹೊಣೆ ಹೊತ್ತವನು ಟಾಮ್ಲಿನ್‌ಸನ್. ಅವನ ಮದುವೆ ನಡೆಯುತ್ತಿದ್ದಾಗಲೇ ಯುದ್ಧದ ಕರೆ ಬಂದು ಕಂತು ಶುರುವಾಗಿರುತ್ತದೆ. ಕೊನೆಯ ಘಟ್ಟದಲ್ಲಿ ಫೇಸರಿನ ಕೂಲೆಂಟ್ ಸೋರಿ ಕೋಣೆ ತುಂಬ ವಿಷಾನಿಲ. ಸ್ಪಾಕ್ ಹೇಗೋ ನುಗ್ಗಿ ಹಾರಿಸುತ್ತಾನೆ, ಒಬ್ಬನನ್ನು ಎಳೆದು ಉಳಿಸುತ್ತಾನೆ. ಟಾಮ್ಲಿನ್‌ಸನ್ ಉಳಿಯುವುದಿಲ್ಲ. ಎಂಟರ್‌ಪ್ರೈಸಿನಲ್ಲಿ ಸತ್ತವನು ಅವನೊಬ್ಬನೇ. ಅತ್ತ ರಾಮ್ಯುಲನ್ ನಾಯಕ ಶರಣಾಗದೆ ತನ್ನ ಹಡಗನ್ನು ತಾನೇ ಸಿಡಿಸಿಕೊಳ್ಳುತ್ತಾನೆ. ಬೇರೆ ಲೋಕದಲ್ಲಾದರೆ ನಾವು ಗೆಳೆಯರಾಗಿರುತ್ತಿದ್ದೆವು ಎಂಬ ಭಾವದ ಅವನ ಕೊನೆಯ ಮಾತು ಕರ್ಕ್‌ನಿಗೆ ತಲುಪಿರುತ್ತದೆ. ಕಂತು ಮುಗಿಯುವುದು ವಿಜಯೋತ್ಸವದಲ್ಲಿ ಅಲ್ಲ. ಬೆಳಿಗ್ಗೆ ಮದುವೆಗೆ ಸಿಂಗರಿಸಿದ್ದ ಅದೇ ಚಾಪೆಲಿನಲ್ಲಿ ಒಬ್ಬ ಹುಡುಗಿ ನಿಂತಿರುತ್ತಾಳೆ, ಕರ್ಕ್ ಅವಳೆದುರು ಮಾತು ಹುಡುಕುತ್ತಿರುತ್ತಾನೆ.

ಒಂದು ಫೇಸರಿನ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಸರಣಿ ಕೊಟ್ಟ ಅತ್ಯಂತ ನಿಖರವಾದ ಉತ್ತರ ಇದು. ಒಂದು ಮದುವೆ.

ಬಲ ಇದ್ದೂ ಸೋಲುವ ಕಥೆಗಳು ಇನ್ನೂ ಇವೆ, ಅವನ್ನು ಬೇಗ ಮುಗಿಸುತ್ತೇನೆ. 1982ರ 'ದಿ ರಾತ್ ಆಫ್ ಖಾನ್' ಚಿತ್ರದಲ್ಲಿ ಖಾನ್ ಕೈಯಲ್ಲಿ ಪೂರ್ಣ ಬಲದ ಹಡಗಿದೆ, ಕರ್ಕ್‌ನ ಹಡಗು ಕುಂಟುತ್ತಿದೆ. ಕರ್ಕ್ ಮಾಡುವುದು ಖಾನ್ ಹಡಗಿನ ಗುಪ್ತಸಂಖ್ಯೆ ಹೊಡೆದು ದೂರದಿಂದಲೇ ಅದರ ಶೀಲ್ಡ್ ಇಳಿಸುವುದು. 16309. ಐದೇ ಅಂಕಿಯ ಪಾಸ್‌ವರ್ಡ್, ಯಾವ ಸೆಕ್ಯುರಿಟಿ ಆಡಿಟ್ ಇದನ್ನು ಪಾಸ್ ಮಾಡಿತೋ! 1990ರ 'ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್' ಕಂತಿನಲ್ಲಿ ಬೋರ್ಗ್ ಎಂಬ ಯಂತ್ರಜನಾಂಗದ ಒಂದೇ ಹಡಗಿನ ಎದುರು 40 ಹಡಗುಗಳು ನಿಂತವು. 39 ನಾಶವಾದವು, ಸತ್ತವರು ಸುಮಾರು 11,000. ಕೊನೆಗೆ ಬೋರ್ಗನ್ನು ಬೀಳಿಸಿದ್ದು ಅವರದೇ ಜಾಲದೊಳಗೆ ಡೇಟಾ ಸೇರಿಸಿದ 'ನಿದ್ರಿಸು' ಎಂಬ ಒಂದು ಆದೇಶ. 1966ರ 'ದಿ ಕಾರ್ಬೊಮೈಟ್ ಮನೂವರ್' ಕಂತಿನಲ್ಲಂತೂ ಕರ್ಕ್ ಗೆಲ್ಲುವುದು ಇಲ್ಲವೇ ಇಲ್ಲದ ಅಸ್ತ್ರದ ಬೆದರಿಕೆಯಿಂದ.

ಎಲ್ಲಿ ಕೈಕೊಡುತ್ತದೆ

ಸ್ಟಾರ್ ಟ್ರೆಕ್ ಯಾವಾಗಲೂ ಇಷ್ಟು ಪ್ರಾಮಾಣಿಕ ಎಂದರೆ ಸುಳ್ಳಾಗುತ್ತದೆ. ವಾಯೇಜರ್ ಸರಣಿಯನ್ನೇ ತೆಗೆದುಕೊಳ್ಳಿ. ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಎಸೆಯಲ್ಪಟ್ಟ ಒಂಟಿ ಹಡಗು. 1995ರ ಒಂದು ಆರಂಭದ ಕಂತಿನಲ್ಲೇ ತಮ್ಮ ಬಳಿ ಇರುವುದು 38 ಟಾರ್ಪೀಡೊ, ಮುಗಿದರೆ ಮತ್ತೆ ಸಿಗುವ ದಾರಿಯಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ. ಎಂಥ ಒಳ್ಳೆಯ ಅಂಕಿ! ಇಂದ್ರ ಕೊಟ್ಟ ಶಕ್ತ್ಯಾಯುಧ ಕರ್ಣನ ಕೈಯಲ್ಲಿ ಒಂದೇ ಸಲಕ್ಕೆ ಮಾತ್ರ ಎಂದು ಗೊತ್ತಿರುವುದರಿಂದಲೇ ಅಲ್ಲವೇ, ಘಟೋತ್ಕಚನ ಮೇಲೆ ಅದನ್ನು ಬಿಟ್ಟಾಗ ನಮ್ಮ ಎದೆ ಧಸಕ್ಕೆನ್ನುವುದು? 38 ಎಂಬ ಮಿತಿ ಇದ್ದಿದ್ದರೆ ಪ್ರತಿ ಟಾರ್ಪೀಡೊವೂ ಒಂದು ನಿರ್ಧಾರವಾಗುತ್ತಿತ್ತು. ಆದರೆ ಏಳು ವರ್ಷಗಳಲ್ಲಿ ಆ ಹಡಗು 38ಕ್ಕಿಂತ ಬಹಳ ಹೆಚ್ಚು ಹಾರಿಸಿತು. ಲೇಖಕರು ಆ ಅಂಕಿಯನ್ನು ಮರೆತರು, ಅದರೊಂದಿಗೆ ಆ ಸಂಕಟವನ್ನೂ.

ಇಲ್ಲಿ ಲೆಕ್ಕ ಹಾಕುವ ಅಭಿಮಾನಿಗಳ ಪರ ನಾನು ನಿಲ್ಲುತ್ತೇನೆ. 38 ಎಣಿಸಿದವರು ತಲೆಹರಟೆಗೆ ಎಣಿಸಿದ್ದಲ್ಲ. ಕಥೆ ಕೊಟ್ಟ ಮಾತನ್ನು ಉಳಿಸಿಕೊಂಡಿತೋ ಇಲ್ಲವೋ ಎಂದು ನೋಡಿದ್ದು. ಅದು ವಿಮರ್ಶೆಯೇ. 'ದಿ ಎಕ್ಸ್‌ಪ್ಯಾನ್ಸ್' ಸರಣಿಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಮಾಯಾಕವಚ ಇಲ್ಲ, ಗುಂಡು ಮುಗಿಯುತ್ತದೆ. ಕಾಳಗಕ್ಕೆ ಮೊದಲು ಹಡಗಿನ ಗಾಳಿ ತೆಗೆದು ಎಲ್ಲರೂ ಸೂಟು ಹಾಕಿಕೊಳ್ಳುತ್ತಾರೆ. ಮೊದಲ ಸೀಸನ್ನಿನಲ್ಲಿ ರೈಲ್‌ಗನ್ನಿನ ಗುಂಡೊಂದು ಗೋಡೆ ತೂರಿ, ಮಾತಾಡುತ್ತ ಕೂತಿದ್ದ ಒಬ್ಬನ ತಲೆಯನ್ನು ಕ್ಷಣಾರ್ಧದಲ್ಲಿ ಒಯ್ಯುತ್ತದೆ. ಅದನ್ನು ನೋಡಿದ ಮೇಲೆ 'ಶೀಲ್ಡ್ ಶೇಕಡ 70' ಎಂಬ ಮಾತು ಎಷ್ಟು ಹಿತವಾದ ಸುಳ್ಳು ಎಂದು ಗೊತ್ತಾಗುತ್ತದೆ. ಶೇಕಡಾವಾರು ಹೇಳುವುದೆಂದರೆ ಹೊಡೆತಕ್ಕೂ ಮೈಗೂ ನಡುವೆ ಒಂದು ಡ್ಯಾಶ್‌ಬೋರ್ಡ್ ಇಟ್ಟಂತೆ. ಹಸಿರು, ಹಳದಿ, ಕೆಂಪು. ಪ್ರತಿ ಸೋಮವಾರ ಅಂಥದ್ದನ್ನು ಮಾಡಿ ಮೇಲಿನವರಿಗೆ ಕಳಿಸುವ ನನಗೆ ಅದರ ಗುಣ ಚೆನ್ನಾಗಿ ಗೊತ್ತು. ಕೆಂಪು ಬಣ್ಣದ ಹಿಂದೆ ರಾತ್ರಿ ಎರಡು ಗಂಟೆಯವರೆಗೆ ಕೂತ ಮನುಷ್ಯರು ಅದರಲ್ಲಿ ಕಾಣುವುದಿಲ್ಲ. ಕಾಣಬಾರದೆಂದೇ ಅದನ್ನು ಮಾಡಿರುವುದು.

ಸೋಲಿಸಲಾಗದ ಅಸ್ತ್ರ

ಹಾಗಾದರೆ ಸ್ಟಾರ್ ಟ್ರೆಕ್‌ನ ಅತಿ ಭಯಂಕರ ಅಸ್ತ್ರ ಯಾವುದು? ನನ್ನ ಉತ್ತರ ಮೊದಲ ಸರಣಿಯಲ್ಲೇ ಇದೆ. 1967ರ ಫೆಬ್ರವರಿಯಲ್ಲಿ, ವಿಯೆಟ್ನಾಂ ಯುದ್ಧದ ನಡುವೆ ಬಂದ 'ಎ ಟೇಸ್ಟ್ ಆಫ್ ಆರ್ಮಗೆಡನ್'.

ಎಮಿನಿಯಾರ್ ಮತ್ತು ವೆಂಡಿಕಾರ್ ಎಂಬ ಎರಡು ಗ್ರಹಗಳು 500 ವರ್ಷಗಳಿಂದ ಯುದ್ಧ ಮಾಡುತ್ತಿವೆ. ಕರ್ಕ್ ಇಳಿದು ನೋಡಿದರೆ ನಗರ ಸ್ವಚ್ಛ, ಕಟ್ಟಡಗಳು ಅಖಂಡ, ಜನ ಸಭ್ಯರು. ಬಾಂಬ್ ಬಿತ್ತು ಎನ್ನುತ್ತಾರೆ, ಶಬ್ದವೂ ಇಲ್ಲ, ಹೊಗೆಯೂ ಇಲ್ಲ. ಯಾಕೆಂದರೆ ಇಡೀ ಯುದ್ಧ ನಡೆಯುವುದು ಕಂಪ್ಯೂಟರಿನಲ್ಲಿ. ಅವರು ಲೆಕ್ಕದಲ್ಲಿ ಬಾಂಬ್ ಹಾಕುತ್ತಾರೆ, ಇವರು ಲೆಕ್ಕದಲ್ಲಿ ತಡೆಯುತ್ತಾರೆ. ಎಷ್ಟು ಜನ ಸತ್ತರು ಎಂದು ಯಂತ್ರ ಲೆಕ್ಕ ಹಾಕಿ ಹೆಸರು ಹೇಳುತ್ತದೆ. ಹೆಸರು ಬಂದವರು 24 ಗಂಟೆಯೊಳಗೆ ತಾವಾಗಿಯೇ ನಡೆದು ಹೋಗಿ ಒಂದು ಪೆಟ್ಟಿಗೆಯೊಳಗೆ ನಿಂತು ಇಲ್ಲವಾಗಬೇಕು. ಜನ ಹೋಗುತ್ತಾರೆ, ನಮ್ಮಲ್ಲಿ ಟೋಕನ್ ಹಿಡಿದು ಬ್ಯಾಂಕಿಗೆ ಹೋದಷ್ಟೇ ಶಿಸ್ತಿನಲ್ಲಿ. ಕಟ್ಟಡ ಉಳಿಯುತ್ತದೆ, ಸಂಸ್ಕೃತಿ ಉಳಿಯುತ್ತದೆ, ಜನ ಮಾತ್ರ ಸಾಯುತ್ತಾರೆ ಎಂಬುದು ಅವರ ಹೆಮ್ಮೆ. ಆಕಾಶದಲ್ಲಿ ನಿಂತ ಎಂಟರ್‌ಪ್ರೈಸೂ ಒಂದು ಟ್ರೈಕೋಬಾಲ್ಟ್ ಸ್ಫೋಟದಲ್ಲಿ ನಾಶವಾಗಿದೆ ಎಂದು ಅವರ ಯಂತ್ರ ಘೋಷಿಸುತ್ತದೆ. ಅಂಥ ಸ್ಫೋಟ ನಡೆದೇ ಇಲ್ಲ. ಆದರೆ ಲೆಕ್ಕದಲ್ಲಿ ನೀವು ಸತ್ತಿದ್ದೀರಿ, ದಯವಿಟ್ಟು ಬಂದು ಪೆಟ್ಟಿಗೆಯಲ್ಲಿ ನಿಲ್ಲಿ!

ಕರ್ಕ್ ಆ ಕಂಪ್ಯೂಟರನ್ನೇ ಒಡೆಯುತ್ತಾನೆ. ಇನ್ನು ಯುದ್ಧ ಬೇಕೆಂದರೆ ನಿಜವಾದ ಬಾಂಬ್ ಹಾಕಿ, ನಿಜವಾದ ಹೆಣ ನೋಡಿ, ಇಲ್ಲವೇ ಮಾತಿಗೆ ಕೂರಿ ಎನ್ನುತ್ತಾನೆ. ಇದು ಭಾರಿ ಜೂಜು, ಬೇರೆಯವರ ಪ್ರಾಣ ಒತ್ತೆಯಿಟ್ಟ ಜೂಜು. ಹಾಗೆ ಮಾಡಲು ಅವನಿಗೆ ಯಾವ ಹಕ್ಕಿತ್ತು ಎಂದು ಕೇಳಬಹುದು, ಕೇಳಲೇಬೇಕು. ಕಂತು ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಆದರೆ ಅದರ ರೋಗನಿರ್ಣಯ ತಪ್ಪಿಲ್ಲ. 500 ವರ್ಷ ಯುದ್ಧ ನಡೆಯಲು ಕಾರಣ ಅಸ್ತ್ರಗಳ ಬಲ ಅಲ್ಲ, ಅಂಕಿಗಳ ಶುಚಿತ್ವ. ಭೀಕರತೆ ಕಣ್ಣಿಗೆ ಬೀಳದಿದ್ದರೆ ನಿಲ್ಲಿಸಬೇಕೆಂದು ಯಾರಿಗೂ ಅನಿಸುವುದಿಲ್ಲ.

ಈ ಕಂತು ನನ್ನನ್ನು ಬಿಡದಿರಲು ಕಾರಣ ಇದೆ. ಆಫೀಸಿನ ಊಟದ ಮೇಜಿನಲ್ಲಿ ನಾವು ಏಳೆಂಟು ಜನ ಕೂರುತ್ತೇವೆ. ಮರಾಠಿ, ತೆಲುಗು, ಮಲಯಾಳಂ, ನಾವಿಬ್ಬರು ಕನ್ನಡದವರು. ಎಲ್ಲರೂ ಇಂಜಿನಿಯರುಗಳು, ಒಳ್ಳೆಯವರು, ಮಕ್ಕಳ ಫೀಸಿನ ಚಿಂತೆ ಉಳ್ಳವರು. ಟಾರ್ಪೀಡೊ ಎಷ್ಟು ಮೆಗಾಟನ್ ಎಂದು ವಾದಿಸುವ ದನಿ ಒಂದಿದೆ, ಉತ್ಸಾಹದ್ದು, ಕ್ರಿಕೆಟ್ ಸ್ಕೋರಿನದ್ದು. ಟಿವಿಯಲ್ಲಿ ನಿಜವಾದ ಯುದ್ಧದ ಸುದ್ದಿ ಬರುವ ದಿನಗಳಲ್ಲಿ ಅದೇ ಮೇಜಿನಲ್ಲಿ ಯಾವ ಕ್ಷಿಪಣಿ ಎಷ್ಟು ಕಿಲೋಮೀಟರ್, ಯಾವ ಸಿಡಿತಲೆ ಎಷ್ಟು ಕಿಲೋ ಎಂಬ ಚರ್ಚೆಯಾಗುತ್ತದೆ. ದನಿ ಅದೇ. ಎರಡರ ನಡುವೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇದು ಸ್ಟಾರ್ ಟ್ರೆಕ್ ಕಲಿಸಿದ್ದು ಎಂದು ನಾನು ಹೇಳುತ್ತಿಲ್ಲ. ಸ್ಟಾರ್ ಟ್ರೆಕ್ ಹೇಳಿದ್ದು ಇದಕ್ಕೆ ತದ್ವಿರುದ್ಧ. ನಾವು ಅದರಿಂದ ಹೆಕ್ಕಿಕೊಂಡದ್ದು ಮಾತ್ರ ಇದು. 97.835 ನೆನಪಿದೆ, ಡೆಕ್ಕರ್ ಮರೆತುಹೋಗಿದ್ದಾನೆ. ಶೇಕಡ 30 ನೆನಪಿದೆ, ಗ್ರಹ ಖಾಲಿ ಇತ್ತು ಎಂಬುದು ಮರೆತುಹೋಗಿದೆ.

ಲೆಕ್ಕ ಬಿಡಬೇಕೆಂದು ನನ್ನ ವಾದವಲ್ಲ. ಅಳೆಯುವ ಬುದ್ಧಿ ನಮ್ಮ ಅನ್ನ, ಅದನ್ನು ಹೀಗಳೆಯುವ ಕೃತಘ್ನತೆ ಬೇಡ. ಸರಿಯಾಗಿ ಅಳೆದರೆ ಅದೂ ಮನುಷ್ಯರ ಕಡೆಗೇ ಕರೆದೊಯ್ಯುತ್ತದೆ. ಹಿರೋಶಿಮಾದಲ್ಲಿ 15 ಕಿಲೋಟನ್ನಿಗೆ 1945ರ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000 ಜನ ಎಂಬ ಅಂದಾಜಿದೆ. ಈ ಎರಡು ಅಂಕಿಗಳಲ್ಲಿ ಮೊದಲನೆಯದನ್ನು ಮಾತ್ರ ಉಚ್ಚರಿಸುವುದು ಅರ್ಧ ಲೆಕ್ಕ. ಅರ್ಧ ಲೆಕ್ಕ ತಂದರೆ ನಮ್ಮ ತಂಡದಲ್ಲಿ ರಿವ್ಯೂ ಪಾಸಾಗುವುದಿಲ್ಲ.

ಸ್ಟಾರ್ ಟ್ರೆಕ್ ಹೊಸದಾಗಿ ನೋಡುವವರು ಕೇಳಿದರೆ ನಾನು ಈ ಕ್ರಮ ಹೇಳುತ್ತೇನೆ: ಬ್ಯಾಲೆನ್ಸ್ ಆಫ್ ಟೆರರ್, ಎ ಟೇಸ್ಟ್ ಆಫ್ ಆರ್ಮಗೆಡನ್, ದಿ ಡೂಮ್ಸ್‌ಡೇ ಮಷೀನ್, ದಿ ಸರ್ವೈವರ್ಸ್, ಕೊನೆಗೆ ದಿ ಡೈ ಈಸ್ ಕಾಸ್ಟ್. ಐದೂ ಸೇರಿ ನಾಲ್ಕು ಗಂಟೆಗೆ ಮುಗಿಯುತ್ತವೆ, ಒಂದು ಭಾನುವಾರ ಸಾಕು. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಮೆಗಾಟನ್ ಬರೆದುಕೊಳ್ಳುವವರು ಬರೆದುಕೊಳ್ಳಿ. ಪ್ರತಿ ಅಂಕಿಯ ಪಕ್ಕ ಇನ್ನೊಂದು ಕಾಲಮ್ ಎಳೆಯಿರಿ: ಆ ಹೊಡೆತ ಯಾರಿಗೆ ಬಿತ್ತು, ಅದಕ್ಕಾಗಿ ಯಾರು ಸತ್ತರು.